ರೇಂಜ್(2, 1) ಕೊಟ್ಟರೂ ಪೈಥಾನ್ ಯಾಕೆ ಬೈಯುವುದಿಲ್ಲ?

ಕಲಿಯುತ್ತಿರುವವ

ಎಲ್ಲರಿಗೂ ನಮಸ್ಕಾರ. ಪೈಥಾನ್ ಈಗಷ್ಟೇ ಕಲಿಯುತ್ತಿದ್ದೇನೆ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಹೇಳುವ ಫಂಕ್ಷನ್ ಬರೆದೆ. ಕೋಡನ್ನು ಬಾಯಲ್ಲಿ ಓದುವ ಹಾಗೆ ಕನ್ನಡದಲ್ಲೇ ಹಾಕಿದ್ದೇನೆ, ಫೋನಿನಲ್ಲಿ ಕೀಬೋರ್ಡ್ ಬದಲಾಯಿಸುತ್ತಾ ಕೂರುವ ತಾಳ್ಮೆ ಇಲ್ಲ.

ಡೆಫ್ ಅವಿಭಾಜ್ಯವಾ(ಸಂಖ್ಯೆ):
    ಫಾರ್ ಐ ಇನ್ ರೇಂಜ್(2, ಇಂಟ್(ಸಂಖ್ಯೆ ** 0.5) + 1):
        ಇಫ್ ಸಂಖ್ಯೆ % ಐ == 0:
            ರಿಟರ್ನ್ ಫಾಲ್ಸ್
    ರಿಟರ್ನ್ ಟ್ರೂ

7, 9, 97, 100 ಎಲ್ಲಕ್ಕೂ ಸರಿಯಾದ ಉತ್ತರ ಬಂತು. ಆದರೆ 1 ಕೊಟ್ಟರೆ ಟ್ರೂ. 0 ಕೊಟ್ಟರೂ ಟ್ರೂ! ಲೂಪ್ ಒಳಗೆ ಒಂದು ಪ್ರಿಂಟ್ ಹಾಕಿ ನೋಡಿದೆ, ಏನೂ ಬರಲಿಲ್ಲ. ಅಂದರೆ ಒಳಗೇ ಹೋಗುತ್ತಿಲ್ಲ. 0 ಕೊಟ್ಟಾಗ ಅಲ್ಲಿ ಆಗುವುದು ರೇಂಜ್(2, 1). ಎರಡರಿಂದ ಶುರು ಮಾಡಿ ಒಂದರವರೆಗೆ ಹೋಗು ಅಂದರೆ ಏನರ್ಥ? ಇಂಥದ್ದಕ್ಕೆ ಪೈಥಾನ್ ಒಂದು ಎರರ್ ಕೊಡಬೇಕಿತ್ತು ಅಲ್ವಾ?

ಸೊನ್ನೆಯ ಪಕ್ಷ

ಎರರ್ ಕೊಡಬಾರದು ಅನ್ನುವ ಪಕ್ಷ ನನ್ನದು. ಯಾಕೆ ಅಂತ ಹೇಳುವ ಮೊದಲು ನಿಮ್ಮ ಫಂಕ್ಷನ್ನಿಗೆ 2 ಮತ್ತು 3 ಕೊಟ್ಟು ನೋಡಿ. ಎರಡಕ್ಕೂ ಟ್ರೂ ಬರುತ್ತದೆ, ಅದು ಸರಿಯಾದ ಉತ್ತರ.

ಈಗ ಲೆಕ್ಕ ಹಾಕಿ. 2ರ ವರ್ಗಮೂಲ 1.41. ಇಂಟ್ ಮಾಡಿದರೆ 1, ಒಂದು ಕೂಡಿಸಿದರೆ 2. ಅಂದರೆ ರೇಂಜ್(2, 2). ರೇಂಜ್ ಕೊನೆಯ ಸಂಖ್ಯೆಯನ್ನು ಬಿಟ್ಟೇ ಎಣಿಸುತ್ತದೆ, ಹಾಗಾಗಿ ಅದೂ ಖಾಲಿ. 3ಕ್ಕೂ ಅದೇ ಕಥೆ. 1ಕ್ಕೂ ಅದೇ ರೇಂಜ್(2, 2). ಮೂರಕ್ಕೂ ಲೂಪ್ ಓಡಿಯೇ ಇಲ್ಲ. 2 ಮತ್ತು 3ಕ್ಕೆ ಉತ್ತರ ಸರಿ ಬಂತು, 1ಕ್ಕೆ ತಪ್ಪು ಬಂತು. ಖಾಲಿ ರೇಂಜಿಗೆ ಪೈಥಾನ್ ಎರರ್ ಎಸೆಯುತ್ತಿದ್ದರೆ ನಿಮ್ಮ ಕೋಡ್ 2ಕ್ಕೂ 3ಕ್ಕೂ ಬಿದ್ದುಹೋಗುತ್ತಿತ್ತು.

ನಿಮ್ಮ ಲೂಪ್ ಕೇಳುವುದು ಇಷ್ಟೇ: 'ಈ ಸಂಖ್ಯೆಯನ್ನು ಭಾಗಿಸುವ ಯಾವುದಾದರೂ ಇದೆಯಾ?' 1ಕ್ಕೆ ಅಂಥದ್ದು ಇಲ್ಲ, ನಿಜ. ಆದರೆ ಅವಿಭಾಜ್ಯ ಅನ್ನಿಸಿಕೊಳ್ಳಲು 1ಕ್ಕಿಂತ ದೊಡ್ಡದಾಗಿರಬೇಕು ಅನ್ನುವ ಇನ್ನೊಂದು ಷರತ್ತು ಇದೆಯಲ್ಲ, ಅದನ್ನು ನೀವು ಎಲ್ಲೂ ಬರೆದಿಲ್ಲ. ಲೂಪ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ರೇಂಜಿನ ನಿಯಮ ಬಹಳ ಸರಳ. ಕೊನೆಯಿಂದ ಮೊದಲನೆಯದನ್ನು ಕಳೆದು, ಹೆಜ್ಜೆಯಿಂದ ಭಾಗಿಸಿ, ಮೇಲಕ್ಕೆ ದುಂಡಗೆ ಮಾಡಿದರೆ ಎಷ್ಟು ಸಲ ಅನ್ನುವುದು ಸಿಗುತ್ತದೆ. ಅದು ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಅಂತಲೇ ಲೆಕ್ಕ. ರೇಂಜ್(0), ರೇಂಜ್(-3), ರೇಂಜ್(3, 3), ರೇಂಜ್(5, 2) ಎಲ್ಲವೂ ಖಾಲಿ. ಅಷ್ಟೇ ಅಲ್ಲ, ರೇಂಜ್(0) == ರೇಂಜ್(5, 2) ಅಂತ ಕೇಳಿದರೆ ಟ್ರೂ ಅನ್ನುತ್ತದೆ. ಎರಡರಲ್ಲೂ ಏನೂ ಇಲ್ಲ, ಹಾಗಾಗಿ ಎರಡೂ ಒಂದೇ.

ಬೈಯುವ ಕಂಪೈಲರ್ ಬೇಕು

ರೇಂಜ್(3, 3) ಖಾಲಿ ಅನ್ನುವುದನ್ನು ಒಪ್ಪುತ್ತೇನೆ. ಒಳಗಿನ ಲೂಪ್ ರೇಂಜ್(ಐ + 1, ಎನ್) ಅಂತ ಇದ್ದಾಗ ಕೊನೆಯ ಸುತ್ತಿನಲ್ಲಿ ಅದು ಬಂದೇ ಬರುತ್ತದೆ. ಆದರೆ ರೇಂಜ್(5, 2) ಬೇರೆ. ಅಲ್ಲಿ ಯಾರೋ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದ್ದಾರೆ ಅಂತಲೇ ಅರ್ಥ. ಅದಕ್ಕಾದರೂ ಎರರ್ ಕೊಡಬಹುದಿತ್ತು. ಸುಮ್ನೆ ನುಂಗಿಕೊಂಡು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಸೊನ್ನೆಯ ಪಕ್ಷ

ಹಿಂದುಮುಂದಾದ ರೇಂಜ್ ಸರಿಯಾದ ಕೋಡಿನಲ್ಲೂ ಬರುತ್ತದೆ ಸರ್. ಒಂದು ಪದದಿಂದ 5 ಅಕ್ಷರದ ತುಂಡುಗಳನ್ನೆಲ್ಲ ತೆಗೆಯಬೇಕು ಅಂದುಕೊಳ್ಳಿ:

ಫಾರ್ ಐ ಇನ್ ರೇಂಜ್(ಲೆನ್(ಪದ) - 5 + 1):
    ಪ್ರಿಂಟ್(ಪದ[ಐ : ಐ + 5])

ಪದದಲ್ಲಿ 8 ಅಕ್ಷರ ಇದ್ದರೆ 4 ತುಂಡು. 5 ಇದ್ದರೆ 1. ನಾಲ್ಕೇ ಇದ್ದರೆ ರೇಂಜ್(0), ತುಂಡಿಲ್ಲ. ಮೂರೇ ಇದ್ದರೆ ರೇಂಜ್(-1), ಆಗಲೂ ತುಂಡಿಲ್ಲ. ನಾಲ್ಕಕ್ಕೆ ಸುಮ್ಮನಿದ್ದು ಮೂರಕ್ಕೆ ಎರರ್ ಕೊಟ್ಟರೆ ಅದಕ್ಕೊಂದು ಇಫ್ ಬರೆಯಬೇಕು. ಇಂಥ ಇಫ್‌ಗಳನ್ನು ಜನ ಮರೆಯುತ್ತಾರೆ, ಆಮೇಲೆ ಅದು ಗ್ರಾಹಕರ ಮುಂದೆ ಒಡೆಯುತ್ತದೆ.

ನಿಜಕ್ಕೂ ಅರ್ಥವಿಲ್ಲದ್ದಕ್ಕೆ ಪೈಥಾನ್ ಬೈದೇ ಬೈಯುತ್ತದೆ. ರೇಂಜ್(1, 10, 0) ಕೊಟ್ಟು ನೋಡಿ. ಹೆಜ್ಜೆ ಸೊನ್ನೆ ಆದರೆ ಎಂದೂ ಮುಗಿಯುವುದಿಲ್ಲ, ಅದಕ್ಕೆ ಅಲ್ಲೇ ವ್ಯಾಲ್ಯೂಎರರ್. ರೇಂಜ್(2.0) ಕೊಟ್ಟರೆ ಟೈಪ್‌ಎರರ್.

ಬಸ್ಸಲ್ಲಿ ಕೋಡ್

ನಡುವೆ ಒಂದು ಚಿಕ್ಕ ಪ್ರಶ್ನೆ. ರಾಕೆಟ್ ಹಾರಿಸುವ ಹಾಗೆ 10ರಿಂದ 1ಕ್ಕೆ ಎಣಿಸಲು ರೇಂಜ್(10, 0) ಬರೆದರೆ ಏನೂ ಬರುತ್ತಿಲ್ಲ. ಇದೇ ಕಾರಣನಾ?

ಸೊನ್ನೆಯ ಪಕ್ಷ

ಇದೇ. ಹೆಜ್ಜೆ ಹೇಳದಿದ್ದರೆ ಅದು +1. ರೇಂಜ್(10, 0, -1) ಬರೆಯಿರಿ. ಇಲ್ಲವೇ ರಿವರ್ಸ್ಡ್(ರೇಂಜ್(1, 11)), ಓದಲು ಇದೇ ಸುಲಭ. ಇದರ ಉಲ್ಟಾ ರೇಂಜ್(1, 10, -1) ಕೂಡ ಖಾಲಿ.

ಹಳೇ ಫೋರ್ಟ್ರಾನ್

ಈ ಜಗಳ ನಿಮಗಿಂತ ಹಳೆಯದು ಮಕ್ಕಳೇ. 1966ರ ಫೋರ್ಟ್ರಾನ್ ಸ್ಟ್ಯಾಂಡರ್ಡಿನಲ್ಲಿ ಡೂ ಲೂಪಿನ ಮೊದಲ ಸಂಖ್ಯೆ ಕೊನೆಯ ಸಂಖ್ಯೆಗಿಂತ ದೊಡ್ಡದಿರಬಾರದು ಅಂತ ಇತ್ತು. ಇದ್ದರೆ ಏನಾಗುತ್ತದೆ ಅನ್ನುವುದನ್ನು ಹೇಳಿರಲಿಲ್ಲ. ಬಹಳ ಕಂಪೈಲರುಗಳು ಪರೀಕ್ಷೆಯನ್ನು ಲೂಪಿನ ಕೊನೆಯಲ್ಲಿ ಮಾಡುತ್ತಿದ್ದವು. ಹಾಗಾಗಿ ಬೇಡವೆಂದರೂ ಒಂದು ಸಲ ಓಡಿಯೇ ಓಡುತ್ತಿತ್ತು! ಅದನ್ನು ತಪ್ಪಿಸಲು ಪ್ರತಿ ಲೂಪಿನ ಮುಂದೆ ಒಂದು ಇಫ್, ಒಂದು ಗೋಟೂ.

ಫೋರ್ಟ್ರಾನ್ 77 ಬಂದಾಗ ಇದನ್ನು ಬದಲಾಯಿಸಿದರು. ಎಷ್ಟು ಸುತ್ತು ಅನ್ನುವುದನ್ನು ಮೊದಲೇ ಲೆಕ್ಕ ಹಾಕು, ಅದು ಸೊನ್ನೆಗಿಂತ ಕಡಿಮೆಯಾದರೆ ಸೊನ್ನೆ ಅಂತ ಇಟ್ಟುಕೋ, ಆಮೇಲೆ ಓಡು. ಕೊನೆಯ ಸಂಖ್ಯೆಯನ್ನೂ ಸೇರಿಸಿ ಎಣಿಸುವುದೊಂದು ಬಿಟ್ಟರೆ ಮೇಲೆ ಸೊನ್ನೆಯವರು ಹೇಳಿದ ನಿಯಮವೇ ಇದು. ಹಳೇ ಪ್ರೋಗ್ರಾಂಗಳು ಆ ಒಂದು ಸುತ್ತನ್ನೇ ನಂಬಿ ಕೂತಿದ್ದವು. ಅದಕ್ಕಾಗಿ ಕೆಲವು ಕಂಪೈಲರುಗಳಲ್ಲಿ 'ಒನ್‌ಟ್ರಿಪ್' ಅನ್ನುವ ಆಯ್ಕೆ ಉಳಿಸಿಕೊಂಡರು.

ಇನ್ನು ಪೈಥಾನ್ ಕೊನೆಯ ಸಂಖ್ಯೆಯನ್ನು ಬಿಟ್ಟು ಎಣಿಸುವುದು ಯಾಕೆ ಅಂತ ಹುಡುಗರು ಯಾವಾಗಲೂ ಕೇಳುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರ ಆಗಸ್ಟಿನಲ್ಲಿ ಕೈಬರಹದಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದಿದ್ದರು, ಎಣಿಕೆ ಸೊನ್ನೆಯಿಂದ ಯಾಕೆ ಶುರುವಾಗಬೇಕು ಅನ್ನುವುದರ ಬಗ್ಗೆ. ಅದರಲ್ಲಿ ಖಾಲಿ ಸಾಲಿನ ಮಾತೇ ಮುಖ್ಯ ವಾದ. ಕೊನೆಯನ್ನೂ ಸೇರಿಸಿಕೊಂಡರೆ ಖಾಲಿ ಸಾಲು ಬರೆಯಲು ಕೊನೆಯ ಸಂಖ್ಯೆಯನ್ನು ಮೊದಲಿನದ್ದಕ್ಕಿಂತ ಚಿಕ್ಕದು ಮಾಡಬೇಕು, ಅದು ಅಸಹ್ಯ. ಬಿಟ್ಟರೆ ಎರಡೂ ಒಂದೇ ಆದಾಗ ತಾನಾಗಿ ಖಾಲಿ. ಜೆರಾಕ್ಸ್ ಪಾರ್ಕ್ ಅನ್ನುವ ಸಂಶೋಧನಾ ಕೇಂದ್ರದ ಮೆಸಾ ಭಾಷೆಯಲ್ಲಿ ಮೊದಲನೆಯದನ್ನು ಸೇರಿಸಿ ಅಥವಾ ಬಿಟ್ಟು, ಕೊನೆಯದನ್ನು ಸೇರಿಸಿ ಅಥವಾ ಬಿಟ್ಟು, ಹೀಗೆ ನಾಲ್ಕೂ ಬಗೆಯಲ್ಲಿ ಬರೆಯಲು ಅವಕಾಶ ಇತ್ತಂತೆ. ಮೊದಲನೆಯದನ್ನು ಸೇರಿಸಿ ಕೊನೆಯದನ್ನು ಬಿಡುವ ಬಗೆಯೊಂದನ್ನು ಬಿಟ್ಟು ಉಳಿದ ಮೂರು ಬಗೆಗಳಿಂದ ತಪ್ಪುಗಳೇ ಜಾಸ್ತಿಯಾದವು ಅಂತ ಅವರು ಅಲ್ಲಿ ಬರೆದಿದ್ದಾರೆ.

ಡೇಟಾ ಅಡುಗೆ

ಆರ್ ಭಾಷೆಯವರ ಪಾಡು ಇನ್ನೂ ಚೆನ್ನಾಗಿದೆ. ಅಲ್ಲಿ 1:0 ಅಂದರೆ ಖಾಲಿ ಅಲ್ಲ, 1 ಮತ್ತು 0! ಎಷ್ಟು ಜಾಣತನ ನೋಡಿ, ತಾನಾಗಿಯೇ ಹಿಂದಕ್ಕೆ ಎಣಿಸುತ್ತದೆ. 1:ಲೆಂತ್(ಎಕ್ಸ್) ಅಂತ ಬರೆದು, ಎಕ್ಸ್ ಖಾಲಿ ಇದ್ದರೆ ಲೂಪ್ ಎರಡು ಸಲ ಓಡುತ್ತದೆ. ಅದಕ್ಕೇ ಖಾಲಿಗೆ ಖಾಲಿಯನ್ನೇ ಕೊಡುವ ಸೀಕ್_ಅಲಾಂಗ್ ಬಳಸಿ ಅಂತ ಎಲ್ಲರೂ ತಲೆ ಚಚ್ಚಿಕೊಳ್ಳುವುದು.

ಲಿನಕ್ಸಿನಲ್ಲಿ ಕಮಾಂಡ್ ಕೊಡುವ ಬ್ಯಾಷ್ ಇನ್ನೊಂದು ತರಹ. ಒಂದೂ ಸಿಎಸ್‌ವಿ ಇಲ್ಲದ ಫೋಲ್ಡರಿನಲ್ಲಿ 'ಫಾರ್ ಎಫ್ ಇನ್ *.ಸಿಎಸ್‌ವಿ' ಬರೆದರೆ ಲೂಪ್ ಒಂದು ಸಲ ಓಡುತ್ತದೆ. ಆಗ ಎಫ್ ಒಳಗೆ ಇರುವುದು ನಕ್ಷತ್ರ ಚಿಹ್ನೆ ಸಮೇತ ಆ '*.ಸಿಎಸ್‌ವಿ' ಅನ್ನುವ ಬರಹವೇ! ನಲ್‌ಗ್ಲಾಬ್ ಆಯ್ಕೆ ಹಾಕಿದರೆ ಮಾತ್ರ ಸರಿಹೋಗುತ್ತದೆ.

ಇವನ್ನೆಲ್ಲ ನೋಡಿದ ಮೇಲೆ ಪೈಥಾನ್ ಸುಮ್ಮನಿರುವುದೇ ಚೆಂದ ಅನ್ನಿಸುತ್ತದೆ. ಆದರೂ 'ಬೈಯುವ ಕಂಪೈಲರ್' ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಹಿಂದೆ ಇದ್ದ ಒಂದು ಕಡೆ ದಿನದ ಮಾರಾಟದ ವರದಿ ಬೆಳಿಗ್ಗೆ ತಾನಾಗಿ ಮೇಲ್ ಆಗುತ್ತಿತ್ತು. ಒಂದು ದಿನ ಮೊತ್ತ 0 ಅಂತ ಹೋಯಿತು. ಫೈಲುಗಳು ಬಂದಿದ್ದವು, ಆದರೆ ಕಳಿಸುವವರು ಹೆಸರಿನ ಕೊನೆಯ ಸಿಎಸ್‌ವಿಯನ್ನು ದೊಡ್ಡಕ್ಷರದಲ್ಲಿ ಇಟ್ಟಿದ್ದರು. ವಿಂಡೋಸಿನಲ್ಲಿ ಅದು ನಡೆಯುತ್ತದೆ, ಲಿನಕ್ಸಿನಲ್ಲಿ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಹೆಸರಿನ ಮಾದರಿ ನೋಡಿ ಫೈಲ್ ಹುಡುಕುವ ಗ್ಲಾಬ್ ಖಾಲಿ ಲಿಸ್ಟ್ ಕೊಟ್ಟಿತು, ಎರರ್ ಇಲ್ಲ. ಲೂಪ್ ಓಡಲಿಲ್ಲ, ಎರರ್ ಇಲ್ಲ. ಮೊತ್ತ = 0 ಅಂತ ಮೊದಲೇ ಇತ್ತು, ಅದೇ ವರದಿಗೆ ಹೋಯಿತು. ಅಂಗಡಿಗಳು ಮುಚ್ಚಿದ್ದವಾ ಅಂತ ಮೇಲಿನವರು ಫೋನ್ ಮಾಡಿದರು.

ಅದಾದ ಮೇಲೆ ಈ ಎರಡು ಸಾಲು ಸೇರಿತು:

ಇಫ್ ನಾಟ್ ಫೈಲುಗಳು:
    ರೈಸ್ ವ್ಯಾಲ್ಯೂಎರರ್('ಇವತ್ತಿನ ಫೈಲೇ ಇಲ್ಲ')

ಖಾಲಿ ಅನ್ನುವುದು ತಪ್ಪೋ ಸರಿಯೋ ಅಂತ ಲೂಪಿಗೆ ಗೊತ್ತಾಗುವುದಿಲ್ಲ. ವರದಿ ಬರೆಯುವವನಿಗೆ ಗೊತ್ತಿರುತ್ತದೆ. ಅವನೇ ಹೇಳಬೇಕು.

ಬೈಯುವ ಕಂಪೈಲರ್ ಬೇಕು

ಇದೇ ನಾನು ಹೇಳಿದ್ದು! ಆ ಎರಡು ಸಾಲನ್ನು ಎಲ್ಲ ಲೂಪಿಗೂ ಯಾರು ಬರೆಯುತ್ತಾರೆ?

ಡೇಟಾ ಅಡುಗೆ

ಎಲ್ಲ ಲೂಪಿಗೂ ಬೇಡ. ಡೇಟಾ ಹೊರಗಿನಿಂದ ಒಳಗೆ ಬರುವ ಬಾಗಿಲಲ್ಲಿ ಒಂದು ಸಲ ಕೇಳಿದರೆ ಸಾಕು. ಫೈಲ್ ಹುಡುಕಿದ ಜಾಗ, ಎಪಿಐ ಕರೆದ ಜಾಗ, ಡೇಟಾಬೇಸಿಗೆ ಪ್ರಶ್ನೆ ಕೇಳಿದ ಜಾಗ.

ಟೆಸ್ಟರಮ್ಮ

ಟೆಸ್ಟ್ ಬರೆಯುವವರೂ ಇದನ್ನು ಗಮನಿಸಿ. ಲೂಪ್ ಒಳಗೆ ಅಸರ್ಟ್ (ಇದು ನಿಜವಾ ಅಂತ ಪರೀಕ್ಷಿಸುವ ಸಾಲು) ಇಟ್ಟರೆ, ಲಿಸ್ಟ್ ಖಾಲಿಯಾದ ದಿನ ಟೆಸ್ಟ್ ಹಸಿರಾಗಿಯೇ ಇರುತ್ತದೆ. ಏನನ್ನೂ ಪರೀಕ್ಷೆ ಮಾಡಿರುವುದಿಲ್ಲ. ನಾನು ರಿವ್ಯೂ ಮಾಡುವಾಗ ಲೂಪಿಗೆ ಮೊದಲು 'ಅಸರ್ಟ್ ಲೆನ್(ಫಲಿತಾಂಶ) == 12' ಅನ್ನುವಂಥ ಸಾಲು ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ. ಒಂದೇ ಟೆಸ್ಟನ್ನು ಹಲವು ಬೆಲೆಗಳಿಗೆ ಓಡಿಸುವ ಪೈಟೆಸ್ಟಿನ ಪ್ಯಾರಾಮೆಟ್ರೈಜಿಗೆ ಖಾಲಿ ಲಿಸ್ಟ್ ಕೊಟ್ಟರೆ ಅದಾದರೂ 'ಸ್ಕಿಪ್' ಅಂತ ತೋರಿಸುತ್ತದೆ, ಪಾಸ್ ಅನ್ನುವುದಿಲ್ಲ.

ಆಲ್([]) ಟ್ರೂ ಕೊಡುವುದೂ ಇದೇ ಜಾತಿಯದು. 'ಈ ಗ್ರಾಹಕರ ಎಲ್ಲ ಬಿಲ್ ಕಟ್ಟಿದೆಯಾ' ಅಂತ ಆಲ್ ಹಾಕಿ ಕೇಳಿದರೆ, ಒಂದೂ ಬಿಲ್ ಇಲ್ಲದ ಹೊಸಬರಿಗೂ ಹೌದು ಅನ್ನುತ್ತದೆ.

ಕಲಿಯುತ್ತಿರುವವ

ಆಲ್([]) ಟ್ರೂ, ಎನಿ([]) ಫಾಲ್ಸ್, ಸಮ್([]) ಸೊನ್ನೆ. ಈಗ ಹಾಕಿ ನೋಡಿದೆ. ಆದರೆ ಮ್ಯಾಕ್ಸ್([]) ಮಾತ್ರ ವ್ಯಾಲ್ಯೂಎರರ್ ಕೊಡುತ್ತದೆ. ಇದು ಯಾವ ನ್ಯಾಯ? ಒಂದಕ್ಕೆ ಒಂದು ನಿಯಮ, ಇನ್ನೊಂದಕ್ಕೆ ಇನ್ನೊಂದಾ?

ಸೊನ್ನೆಯ ಪಕ್ಷ

ಒಳ್ಳೆಯ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಒಂದು ಲಿಸ್ಟನ್ನು ಎರಡು ತುಂಡು ಮಾಡಿ. ಎರಡರ ಮೊತ್ತ ಕೂಡಿಸಿದರೆ ಇಡೀ ಲಿಸ್ಟಿನ ಮೊತ್ತ ಬರಬೇಕು ಅಲ್ವಾ? ಈಗ ಒಂದು ತುಂಡಿನಲ್ಲಿ ಏನೂ ಇಲ್ಲ ಅಂದುಕೊಳ್ಳಿ. ಆಗಲೂ ಲೆಕ್ಕ ಸರಿಹೋಗಬೇಕಾದರೆ ಖಾಲಿ ತುಂಡಿನ ಮೊತ್ತ 0 ಆಗಲೇಬೇಕು. ಗುಣಾಕಾರಕ್ಕೆ ಅದೇ ಕಾರಣಕ್ಕೆ 1. ಮ್ಯಾಥ್.ಪ್ರಾಡ್([]) ಕೊಡುವುದು 1. 'ಎಲ್ಲವೂ ಹೌದಾ' ಅನ್ನುವುದಕ್ಕೆ ಖಾಲಿ ತುಂಡು ಅಡ್ಡ ಬರಬಾರದು, ಅದಕ್ಕೆ ಟ್ರೂ. 'ಯಾವುದಾದರೂ ಒಂದು ಹೌದಾ' ಅನ್ನುವುದಕ್ಕೆ ಅದು ಏನೂ ಸೇರಿಸಬಾರದು, ಅದಕ್ಕೆ ಫಾಲ್ಸ್.

ಮ್ಯಾಕ್ಸಿಗೆ ಹೀಗೆ ಏನು ಕೊಡುತ್ತೀರಿ? ಎಲ್ಲಕ್ಕಿಂತ ಚಿಕ್ಕದಾದ ಒಂದು ಬೆಲೆ ಬೇಕು. ಸಂಖ್ಯೆಗಳಾದರೆ ಮೈನಸ್ ಇನ್ಫಿನಿಟಿ ಅನ್ನಬಹುದು. ಆದರೆ ಮ್ಯಾಕ್ಸ್ ಹೆಸರುಗಳಿಗೂ ತಾರೀಕುಗಳಿಗೂ ಓಡುತ್ತದೆ. ಎಲ್ಲಕ್ಕೂ ಹೊಂದುವ ಒಂದು ಉತ್ತರ ಇಲ್ಲ, ಹಾಗಾಗಿ ಎರರ್. ನಿಮ್ಮ ಕೆಲಸಕ್ಕೆ ಯಾವುದು ಸರಿ ಅಂತ ಗೊತ್ತಿದ್ದರೆ ಮ್ಯಾಕ್ಸ್(ಅಂಕಗಳು, ಡಿಫಾಲ್ಟ್=0) ಅಂತ ನೀವೇ ಹೇಳಬಹುದು. ಈ ಡಿಫಾಲ್ಟ್ ಪೈಥಾನ್ 3.4ರಿಂದ ಇದೆ.

ನಿಮ್ಮ ಅವಿಭಾಜ್ಯದ ಕಥೆ ಫ್ಯಾಕ್ಟೋರಿಯಲ್‌ನಲ್ಲೂ ಮರುಕಳಿಸುತ್ತದೆ. ಗುಣಲಬ್ಧ = 1 ಇಟ್ಟು ರೇಂಜ್(1, ಎನ್ + 1) ಓಡಿಸಿ. ಎನ್ 0 ಆದಾಗ ಲೂಪ್ ಖಾಲಿ, ಉತ್ತರ 1. ಸರಿ, ಗಣಿತದಲ್ಲೂ ಅದೇ. ಎನ್ -3 ಆದಾಗಲೂ ಲೂಪ್ ಖಾಲಿ, ಉತ್ತರ 1. ತಪ್ಪು, ಅಲ್ಲಿ ಉತ್ತರವೇ ಇರಬಾರದು. ಮ್ಯಾಥ್.ಫ್ಯಾಕ್ಟೋರಿಯಲ್(-3) ವ್ಯಾಲ್ಯೂಎರರ್ ಕೊಡುವುದು ಅದಕ್ಕೇ. ಅವರು ಕಾವಲು ಇಟ್ಟಿರುವುದು ಲೂಪಿನ ಹೊರಗೆ.

ಬಸ್ಸಲ್ಲಿ ಕೋಡ್

ಲೂಪ್ ಮುಗಿದ ಮೇಲೆ ಐ ಬಳಸಿದರೆ ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ನೇಮ್‌ಎರರ್. ಇದೂ ಖಾಲಿ ರೇಂಜಿನ ಕೆಲಸವಾ?

ಟೆಸ್ಟರಮ್ಮ

ಹೌದು. ಲೂಪ್ ಒಂದು ಸಲವೂ ಓಡದಿದ್ದರೆ ಐ ಹುಟ್ಟುವುದೇ ಇಲ್ಲ. ಫಂಕ್ಷನ್ ಒಳಗೆ ಆದರೆ ಅನ್‌ಬೌಂಡ್‌ಲೋಕಲ್‌ಎರರ್ ಅಂತ ಬರುತ್ತದೆ, ಅದು ನೇಮ್‌ಎರರಿನದೇ ಮರಿ. ಎರರ್ ಬಂದರೆ ಪುಣ್ಯ ಅನ್ನಿ. ಐ ಮೊದಲೇ ಇದ್ದರೆ ಹಳೇ ಬೆಲೆ ಹಾಗೇ ಕೂತಿರುತ್ತದೆ. ಜುಪಿಟರ್ ನೋಟ್‌ಬುಕ್ಕಿನಲ್ಲಿ ಇದು ಜಾಸ್ತಿ. ಮೇಲಿನ ಸೆಲ್ಲಿನ ಐ 41 ಆಗಿತ್ತು, ಕೆಳಗಿನ ಲೂಪ್ ಖಾಲಿ, ಅದರ ಕೆಳಗಿನ ಸಾಲು 41ನ್ನೇ ನಂಬಿ ಮುಂದೆ ಹೋಗುತ್ತದೆ. ಲೂಪಿನ ಆಚೆ ಬೇಕಾದ ಬೆಲೆಗೆ ಬೇರೆ ಹೆಸರು ಇಟ್ಟು, ಲೂಪಿನ ಮೊದಲು 'ಕೊನೆಯದು = ನನ್' (None, ಅಂದರೆ 'ಏನೂ ಇಲ್ಲ') ಅಂತ ಬರೆದುಬಿಡಿ.

ಅಂದಹಾಗೆ, ಹೀಗೆ ಕನ್ನಡದಲ್ಲಿ ವೇರಿಯಬಲ್ ಹೆಸರು ಇಡುವುದು ತಮಾಷೆಗೆ ಅಲ್ಲ. ಪೈಥಾನ್ 3ರಲ್ಲಿ 'ಮೊತ್ತ = 0' ನಿಜವಾಗಿಯೂ ಓಡುತ್ತದೆ. ಫಾರ್, ಇಫ್, ಪ್ರಿಂಟ್ ತರಹದ ಪೈಥಾನಿನದೇ ಪದಗಳು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬೇಕು.

ವೆಬ್ ಕಡೆಯವ

ಒಬ್ಬರೂ ಫಾರ್ ಜೊತೆಗಿನ ಎಲ್ಸ್ ಬಗ್ಗೆ ಹೇಳಲಿಲ್ಲವಲ್ಲ. ಲಿಸ್ಟ್ ಖಾಲಿ ಇದ್ದರೆ ಎಲ್ಸ್ ಓಡುತ್ತದೆ, ಅಲ್ಲೇ 'ಏನೂ ಸಿಗಲಿಲ್ಲ' ಅಂತ ಹಾಕಿದರೆ ಆಯಿತು.

ಸೊನ್ನೆಯ ಪಕ್ಷ

ನೀವು ಹೇಳುತ್ತಿರುವುದು ವೆಬ್ ಪುಟ ತಯಾರಿಸಲು ಬಳಸುವ ಜಿಂಜಾ ಟೆಂಪ್ಲೇಟಿನ ಎಲ್ಸ್. ಅಲ್ಲಿ ಒಂದೂ ಸುತ್ತು ನಡೆಯದಿದ್ದರೆ ಮಾತ್ರ ಎಲ್ಸ್ ಬರುತ್ತದೆ. ಜಾಂಗೋದಲ್ಲಿ ಅದಕ್ಕೇ 'ಎಂಪ್ಟಿ' ಅಂತ ಬೇರೆ ಟ್ಯಾಗ್ ಇದೆ. ಪೈಥಾನಿನಲ್ಲಿ ಹಾಗಲ್ಲ. ಬ್ರೇಕ್ ಆಗದೆ ಲೂಪ್ ಮುಗಿದರೆ ಎಲ್ಸ್ ಓಡುತ್ತದೆ. ಖಾಲಿ ಇದ್ದರೂ ಓಡುತ್ತದೆ, ಸಾವಿರ ಸುತ್ತು ಓಡಿ ಬ್ರೇಕ್ ಆಗದಿದ್ದರೂ ಓಡುತ್ತದೆ. ಖಾಲಿಯಾ ಅಂತ ತಿಳಿಯಲು ಅದು ಸಾಲದು. ಹೆಸರು ಕೆಟ್ಟದಾಗಿದೆ ಅನ್ನುವುದು ನನ್ನ ಅಭಿಪ್ರಾಯ.

ಕಲಿಯುತ್ತಿರುವವ

ಇನ್ನೊಂದು ಗೊಂದಲ. 'ಸಮ = ಫಿಲ್ಟರ್(...)' ಅಂತ ಮಾಡಿ ಒಂದು ಸಲ ಲೂಪ್ ಓಡಿಸಿದರೆ ಎಲ್ಲ ಬರುತ್ತದೆ. ಅದೇ ಲೂಪನ್ನು ಕೆಳಗೆ ಮತ್ತೆ ಬರೆದರೆ ಖಾಲಿ! ಮಧ್ಯೆ ನಾನು ಏನನ್ನೂ ಮುಟ್ಟಿಲ್ಲ. ರೇಂಜ್ ಹೀಗೆ ಮಾಡುವುದಿಲ್ಲವಲ್ಲ?

ಡೇಟಾ ಅಡುಗೆ

ರೇಂಜ್ ಲಿಸ್ಟಿನ ಹಾಗೆ, ಎಷ್ಟು ಸಲ ಬೇಕಾದರೂ ಸುತ್ತಬಹುದು. ಫಿಲ್ಟರ್, ಮ್ಯಾಪ್, ಜಿಪ್, ಜನರೇಟರ್ ಇವೆಲ್ಲ ಕಡಲೆಕಾಯಿ ಪೊಟ್ಟಣ ಇದ್ದ ಹಾಗೆ, ತಿಂದರೆ ಮುಗಿಯಿತು. ಎರಡನೇ ಲೂಪಿಗೆ ಸಿಗುವುದು ಬರೀ ಕಾಗದ. ತೆರೆದ ಫೈಲ್ ಕೂಡ ಹಾಗೇ, ಮೊದಲ ಓದಿನಲ್ಲಿ ಕೊನೆ ಮುಟ್ಟಿರುತ್ತದೆ. ಎರಡು ಸಲ ಬೇಕಿದ್ದರೆ ಲಿಸ್ಟ್(ಸಮ) ಮಾಡಿ ಇಟ್ಟುಕೊಳ್ಳಿ.

ಇಲ್ಲಿ ಇನ್ನೊಂದು ಮೋಸ ಇದೆ. ನಾನು ಮೇಲೆ ಬರೆದ 'ಇಫ್ ನಾಟ್ ಫೈಲುಗಳು' ಲಿಸ್ಟಿಗೆ ನಡೆಯುತ್ತದೆ, ರೇಂಜಿಗೂ ನಡೆಯುತ್ತದೆ. ಜನರೇಟರಿಗೆ ನಡೆಯುವುದಿಲ್ಲ. ಅದು ಒಳಗೆ ಏನೂ ಇಲ್ಲದಿದ್ದರೂ ಯಾವಾಗಲೂ ಟ್ರೂ. ಗ್ಲಾಬ್.ಗ್ಲಾಬ್ ಲಿಸ್ಟ್ ಕೊಡುತ್ತದೆ, ಆದರೆ ಗ್ಲಾಬ್.ಐಗ್ಲಾಬ್ ಕೊಡುವುದು ಇಟರೇಟರ್. ಒಂದಕ್ಕೆ ಬದಲು ಇನ್ನೊಂದು ಹಾಕಿದರೆ ಕಾವಲುಗಾರ ನಿದ್ದೆ ಹೋದ ಹಾಗೇ. ಜಿಪ್ ಬಗ್ಗೆಯೂ ಎಚ್ಚರ: ಎರಡರಲ್ಲಿ ಒಂದು ಲಿಸ್ಟ್ ಖಾಲಿಯಾದರೆ ಇಡೀ ಜಿಪ್ ಖಾಲಿ. 3.10ರಿಂದ ಸ್ಟ್ರಿಕ್ಟ್=ಟ್ರೂ ಹಾಕಬಹುದು, ಉದ್ದ ಹೊಂದದಿದ್ದರೆ ಎರರ್ ಬರುತ್ತದೆ.

ಬೈಯುವ ಕಂಪೈಲರ್ ಬೇಕು

ಸರಿ, ರೇಂಜ್ ವಿಷಯದಲ್ಲಿ ನಾನು ಹಟ ಬಿಡುತ್ತೇನೆ. ಆ ತುಂಡು ತೆಗೆಯುವ ಉದಾಹರಣೆಗೆ ಉತ್ತರ ಹೊಳೆಯಲಿಲ್ಲ. ಆದರೆ ಗ್ಲಾಬ್ ಖಾಲಿ ಲಿಸ್ಟ್ ಕೊಟ್ಟು ಸುಮ್ಮನಿರುವುದನ್ನು ಈಗಲೂ ಒಪ್ಪುವುದಿಲ್ಲ.

ಕಲಿಯುತ್ತಿರುವವ

ಎಲ್ಲರಿಗೂ ಥ್ಯಾಂಕ್ಸ್. ಈಗ ಹೀಗೆ ಮಾಡಿದ್ದೇನೆ, ನೋಡಿ ಹೇಳಿ:

ಡೆಫ್ ಅವಿಭಾಜ್ಯವಾ(ಸಂಖ್ಯೆ):
    ಇಫ್ ಸಂಖ್ಯೆ < 2:
        ರಿಟರ್ನ್ ಫಾಲ್ಸ್
    ಫಾರ್ ಐ ಇನ್ ರೇಂಜ್(2, ಮ್ಯಾಥ್.ಐಸ್ಕ್ವೇರ್‌ರೂಟ್(ಸಂಖ್ಯೆ) + 1):
        ಇಫ್ ಸಂಖ್ಯೆ % ಐ == 0:
            ರಿಟರ್ನ್ ಫಾಲ್ಸ್
    ರಿಟರ್ನ್ ಟ್ರೂ

2 ಮತ್ತು 3ಕ್ಕೆ ಲೂಪ್ ಈಗಲೂ ಓಡುವುದಿಲ್ಲ, ಉತ್ತರ ಸರಿ. 1, 0, -7 ಮೇಲೆಯೇ ನಿಲ್ಲುತ್ತವೆ.

ಸೊನ್ನೆಯ ಪಕ್ಷ

ಚೆನ್ನಾಗಿದೆ. ಹಳೆಯದಕ್ಕೆ -7 ಕೊಟ್ಟಿದ್ದರೆ ವರ್ಗಮೂಲ ಕಾಂಪ್ಲೆಕ್ಸ್ ಸಂಖ್ಯೆಯಾಗಿ ಇಂಟ್ ಅಲ್ಲೇ ಟೈಪ್‌ಎರರ್ ಬರುತ್ತಿತ್ತು. ಹೊಸದರಲ್ಲಿ ಮೇಲಿನ ಇಫ್ ಇರುವುದರಿಂದ ಮೈನಸ್ ಸಂಖ್ಯೆ ವರ್ಗಮೂಲದವರೆಗೆ ಹೋಗುವುದೇ ಇಲ್ಲ. ವರ್ಗಮೂಲದ ಪೂರ್ಣಾಂಕ ಭಾಗ ಕೊಡುವ ಆ ಮ್ಯಾಥ್ ಫಂಕ್ಷನ್ (isqrt) ಪೈಥಾನ್ 3.8ರಿಂದ ಮಾತ್ರ ಇದೆ, ಕಾಲೇಜ್ ಲ್ಯಾಬಿನ ಕಂಪ್ಯೂಟರಿನಲ್ಲಿ ಹಳೇ ಪೈಥಾನ್ ಇದ್ದರೆ ಒಮ್ಮೆ ನೋಡಿಕೊಳ್ಳಿ.